ಹೊಲಿದ ಭುಜಕ್ಕೆ ಅವಸರ ಬೇಡ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಗರಡಿಮನೆ ಹೊಸದಲ್ಲ. ಕೊಲ್ಲಾಪುರದ ಕುಸ್ತಿಯ ಗಾಳಿ ಇಲ್ಲಿಗೂ ಬೀಸುತ್ತದೆ. ಕೆಮ್ಮಣ್ಣಿನ ಅಖಾಡದ ಜೊತೆಗೆ ಈಗ ಕನ್ನಡಿ ಹಚ್ಚಿದ ಜಿಮ್‌ಗಳೂ ಬಂದಿವೆ. ಭುಜದ ಶಸ್ತ್ರಕ್ರಿಯೆ ಮುಗಿಸಿ ಬಂದ ತರುಣನಿಗೆ ಎರಡೂ ಕಡೆ ಸಿಗುವ ಸಲಹೆ ಒಂದೇ: “ತಮ್ಮಾ, ನೋವು ಹೋತಲ್ಲ, ನಾಕ ದಂಡ ಹೊಡಿ, ಕೈ ತಾನಾ ಹಗರ ಆಗತೈತಿ.”

ಮಾತು ಪ್ರೀತಿಯದೇ. ಆದರೆ ನೋವು ಹೋಗುವುದು ಬೇರೆ, ಗಾಯ ಮಾಯುವುದು ಬೇರೆ.

ಭುಜದ ಕೀಲು ಚಮಚೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ಎಲುಬಿನ ತಲೆ ದೊಡ್ಡದು, ಗುಣಿ ಚಿಕ್ಕದು. ಆದ್ದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಕೀಲು ಜಾರದಂತೆ ಹಿಡಿಯುವವು ಸುತ್ತಲಿನ ನಾಲ್ಕು ಸ್ನಾಯುಗಳು. ಇವುಗಳ ಸ್ನಾಯುರಜ್ಜು ಹರಿದರೆ ವೈದ್ಯರು ಅದನ್ನು ಎಲುಬಿಗೆ ಹೊಲಿಯುತ್ತಾರೆ. ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಗಟ್ಟಿಯಾಗಿ ಬೆಸೆಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಜಗ್ಗುವ ಭಾರವೆಲ್ಲ ಬಹುಮಟ್ಟಿಗೆ ಹೊಲಿಗೆಯ ದಾರದ ಮೇಲೆ.

ಭಾರವಾದರೂ ಎಷ್ಟು? ಸನ್ನೆಗೋಲಿನ ಲೆಕ್ಕ ನೋಡಿ. 5 ಕಿಲೋ ಡಂಬೆಲ್ ಹಿಡಿದು ಕೈ ಚಾಚಿದರೆ ಅದು ಕೀಲಿನಿಂದ ಸುಮಾರು 60 ಸೆಂ.ಮೀ. ದೂರ. ಕೈ ಎತ್ತುವ ಸ್ನಾಯುಗಳು ಎಳೆಯುವುದು ಕೀಲಿನಿಂದ 3 ಸೆಂ.ಮೀ. ಆಸುಪಾಸಿನಲ್ಲಿ. ದೂರ 20 ಪಟ್ಟು ಕಡಿಮೆ, ಆದ್ದರಿಂದ ಎಳೆತ 20 ಪಟ್ಟು ಹೆಚ್ಚು: ಸುಮಾರು 100 ಕಿಲೋದಷ್ಟು! ಕೈಯ ಸ್ವಂತ ತೂಕ ಬೇರೆ. ಮೊಣಕೈ ಮಡಚಿ ಮೈಗೆ ಹತ್ತಿರ ಇಟ್ಟುಕೊಂಡರೆ ಈ ಹೊರೆ ಬಹಳಷ್ಟು ಇಳಿಯುತ್ತದೆ.

ಸಾಮಾನ್ಯವಾಗಿ ಮೊದಲ 4ರಿಂದ 6 ವಾರ ಕೈ ಜೋಳಿಗೆಯಲ್ಲಿರುತ್ತದೆ. ಆಗ ವೈದ್ಯರು ಹೇಳಿದಷ್ಟೇ ಚಲನೆ. ನಂತರ ಕೈಯನ್ನು ತಾನಾಗಿ ಎತ್ತುವ ಅಭ್ಯಾಸ. ರಬ್ಬರ್ ಪಟ್ಟಿ, ಹಗುರ ತೂಕ ಸುಮಾರು 3 ತಿಂಗಳ ಮೇಲೆ. ದಂಡ, ಬೆಂಚ್ ಪ್ರೆಸ್, ತಲೆಯ ಮೇಲೆತ್ತುವ ಭಾರ 6 ತಿಂಗಳ ಆಸುಪಾಸಿಗೆ, ಅದೂ ವೈದ್ಯರ ಒಪ್ಪಿಗೆ ಇದ್ದರೆ. ಹರಿದ ಭಾಗ ದೊಡ್ಡದಿದ್ದರೆ ಇನ್ನೂ ತಡ. ರಾತ್ರಿ ನೋವು ಎಬ್ಬಿಸಿದರೆ ಹಗಲಿನ ಕಸರತ್ತು ಹೆಚ್ಚಾಯಿತೆಂದೇ ತಿಳಿಯಬೇಕು. ಅಷ್ಟು ದಿನ ಕಾಲಿಗೇನೂ ರಜೆ ಬೇಕಿಲ್ಲ. ನಡಿಗೆ ಇದೆ, ಮುಂದೆ ಬೈಠಕ್ ಇದೆ.

ನಮ್ಮ ಅನಿಲ್ ಕುಂಬ್ಳೆಯವರು 2001ರಲ್ಲಿ ಬಲಭುಜದ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಆಸ್ಟ್ರೇಲಿಯಾವನ್ನು ಭಾರತ ಮಣಿಸಿದ ಆ ವರ್ಷದ ಪ್ರಸಿದ್ಧ ಸರಣಿ ಅವರ ಕೈತಪ್ಪಿತು. ಮರಳಿ ಆಡಿದ್ದು ವರ್ಷದ ಕೊನೆಯ ತಿಂಗಳುಗಳಲ್ಲಿ. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಹೊಲಿದ ಭುಜದಿಂದಲೇ!

ಬರುವ ಜಾತ್ರೆಯ ಕುಸ್ತಿ ತಪ್ಪಿದರೆ ಮುಂದಿನ ಜಾತ್ರೆ ಇದ್ದೇ ಇದೆ. ಹೊಲಿಗೆ ಬಿಚ್ಚಿದ ಭುಜವನ್ನು ಮತ್ತೆ ಹೊಲಿಯುವುದು ಮೊದಲಿನಷ್ಟು ಸುಲಭವಲ್ಲ.