ಚಾವಣಿ ತೆರೆದ ನಾಲ್ವರು ಮತ್ತು ನಮ್ಮ ಸಭೆ

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆ ನಡೆಯುತ್ತಿದ್ದಾಗ ಹತ್ತು ವರ್ಷದ ಹುಡುಗನೊಬ್ಬ ಜೋರಾಗಿ ಕೂಗಿಕೊಂಡ. ಅವನಿಗೆ ಆಟಿಸಂ ಇದೆ. ಪ್ರಸಂಗ ಕ್ಷಣಕಾಲ ನಿಂತಿತು. ಮುಂದಿನ ಸಾಲಿನವರೆಲ್ಲ ಹಿಂದಿರುಗಿ ನೋಡಿದರು. ಆಗ ನಾನು ಸಭೆಯ ಸಮಿತಿಯಲ್ಲಿದ್ದೆ. ಆರಾಧನೆ ಮುಗಿದ ಮೇಲೆ ಆ ಹುಡುಗನ ತಾಯಿಯ ಬಳಿಗೆ ಹೋಗಿ, ‘ಪಕ್ಕದ ಕೋಣೆಯಲ್ಲೂ ಸ್ಪೀಕರ್ ಹಾಕಿಸಿದ್ದೇವಮ್ಮಾ, ಅಲ್ಲಿ ಕೂತರೆ ನಿಮಗೂ ಅನುಕೂಲ’ ಎಂದವನು ನಾನೇ. ‘ಆಗಲಿ ಅಂಕಲ್’ ಎಂದರು ಆಕೆ. ಎರಡು ಭಾನುವಾರ ಆ ಕೋಣೆಯಲ್ಲಿ ಕುಳಿತರು. ಮೂರನೆಯ ಭಾನುವಾರ ಬರಲಿಲ್ಲ. ಆ ಕುಟುಂಬ ಬರುತ್ತಿಲ್ಲವೆಂಬುದು ನಮ್ಮ ಗಮನಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು.

ನಮ್ಮಲ್ಲಿ ಯಾರೂ ಕ್ರೂರಿಗಳಾಗಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಅನಾಥಾಶ್ರಮಕ್ಕೆ ಅಕ್ಕಿ ಕಳುಹಿಸುವ, ಕ್ರಿಸ್‌ಮಸ್ ಸಮಯದಲ್ಲಿ ಅಂಗವಿಕಲರ ವಸತಿಗೃಹಕ್ಕೆ ಹೊದಿಕೆ ಹಂಚುವ ಸಭೆ ನಮ್ಮದು. ಹೊರಗಿನ ಅಂಗವಿಕಲರಿಗೆ ಉದಾರಿಗಳಾಗಿದ್ದ ನಾವು, ನಮ್ಮದೇ ಬೆಂಚಿನಲ್ಲಿ ಕುಳಿತ ಅಂಗವಿಕಲ ಬಾಲಕನಿಗೆ ಕೋಣೆಯೊಂದನ್ನು ತೋರಿಸಿದ್ದೆವು.

ಕರ್ನಾಟಕದ ಕ್ರೈಸ್ತರಿಗೆ ಆರೈಕೆಯ ದೊಡ್ಡ ಪರಂಪರೆಯಿದೆ. ಜರ್ಮನಿಯಿಂದ ಬಂದ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದರು. ಹತ್ತು ವರ್ಷಗಳಲ್ಲಿ ಅಲ್ಲಿ ಕುಷ್ಠರೋಗಿಗಳಿಗೂ ಆಶ್ರಯ ದೊರೆಯಿತು. 1886ರಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಸ್ಥಾಪಿಸಿದರು. ಈ ಪರಂಪರೆಯ ಬಗ್ಗೆ ನಮಗೆ ಹೆಮ್ಮೆ ಸಹಜ. ಆದರೆ ಅದಕ್ಕೆ ನಾವು ಗಮನಿಸದ ಇನ್ನೊಂದು ಮುಖವೂ ಇದೆ. ಆರೈಕೆ ಸಂಸ್ಥೆಗಳ ಕೆಲಸವಾದಂತೆ ಅದು ಸಭೆಯ ಕೆಲಸವಾಗಿ ಉಳಿಯಲಿಲ್ಲ. ನೊಂದವರನ್ನು ನೋಡಿಕೊಳ್ಳಲು ಆಸ್ಪತ್ರೆಯಿದೆ, ಆಶ್ರಮವಿದೆ, ಅದಕ್ಕೆಂದೇ ಬದುಕು ಮುಡಿಪಿಟ್ಟವರಿದ್ದಾರೆ. ನಾವು ಕಾಣಿಕೆ ಕೊಟ್ಟರಾಯಿತು ಎಂಬ ಭಾವ ಬೆಳೆಯಿತು.

ಹೊಸ ಒಡಂಬಡಿಕೆಯ ಚಿತ್ರ ಬೇರೆಯೇ ಆಗಿದೆ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಪೀಡಿತನೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಚಾವಣಿ ತೆರೆದು ಅವನನ್ನು ಕೆಳಗಿಳಿಸುತ್ತಾರೆ. ಯೇಸು ಗಮನಿಸಿದ್ದು ಹೊತ್ತು ತಂದವರ ನಂಬಿಕೆಯನ್ನು ಎಂದು ಮಾರ್ಕ ಬರೆಯುತ್ತಾನೆ. ಈ ಕಥೆಯನ್ನು ಪವಾಡದ ಕಥೆಯಾಗಿ ನೂರಾರು ಸಲ ಕೇಳಿದ್ದೇನೆ. ದಾರಿ ಬಿಡದೆ ಬಾಗಿಲಲ್ಲಿ ನಿಂತಿದ್ದ ಭಕ್ತರ ಬಗ್ಗೆ ಒಂದು ಪ್ರಸಂಗವನ್ನೂ ಕೇಳಿದ ನೆನಪಿಲ್ಲ. ಅವರೂ ಬೋಧನೆ ಕೇಳಲು ಬಂದ ಸಜ್ಜನರೇ ಆಗಿದ್ದರು.

ನಮ್ಮ ಸಭೆಗಳಲ್ಲಿ ಅಂಗವಿಕಲರಿಗೆ ಆಗುವ ಗಾಯಗಳಲ್ಲಿ ಎರಡನೆಯದು ಪ್ರಾರ್ಥನೆಯ ಹೆಸರಿನಲ್ಲಿ ಆಗುತ್ತದೆ. ಗಾಲಿಕುರ್ಚಿಯಲ್ಲಿ ಬಂದವರ ತಲೆಯ ಮೇಲೆ ಕೇಳದೆಯೇ ಕೈಯಿಟ್ಟು ಗುಣವಾಗಲೆಂದು ಪ್ರಾರ್ಥಿಸುವುದು, ಗುಣವಾಗದಿದ್ದರೆ ನಂಬಿಕೆ ಸಾಲದೆಂದು ಸೂಚಿಸುವುದು, ಹೆತ್ತವರ ಪಾಪವನ್ನು ಕೆದಕುವುದು ಇವೆಲ್ಲ ಅಪರೂಪವಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂಬ ಅರ್ಥದಲ್ಲಿ ಯೇಸು ಉತ್ತರಿಸಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಕುರುಡ ಬಾರ್ತಿಮಾಯನನ್ನು ಗುಣಪಡಿಸುವ ಮುನ್ನ ಅವನಿಗೇನು ಬೇಕೆಂದು ಯೇಸು ಮೊದಲು ಕೇಳುತ್ತಾನೆ. ಆ ಪ್ರಶ್ನೆಯನ್ನು ಕೇಳುವ ಸೌಜನ್ಯ ನಮಗಿಲ್ಲವಾಗಿದೆ.

ಅಮೆರಿಕದ ದೇವತಾಶಾಸ್ತ್ರಜ್ಞೆ ನ್ಯಾನ್ಸಿ ಐಸ್ಲೆಂಡ್ ಹುಟ್ಟಿನಿಂದಲೇ ಮೂಳೆಯ ನ್ಯೂನತೆಯಿಂದ ಬಳಲಿದವರು. 1994ರಲ್ಲಿ ಪ್ರಕಟವಾದ ‘ದಿ ಡಿಸೇಬಲ್ಡ್ ಗಾಡ್’ ಕೃತಿಯಲ್ಲಿ ಅವರು ಸರಳವಾದ ಒಂದು ಸಂಗತಿಯತ್ತ ಗಮನ ಸೆಳೆದರು: ಪುನರುತ್ಥಾನಗೊಂಡ ಕ್ರಿಸ್ತನ ಕೈಕಾಲುಗಳಲ್ಲಿ, ಪಕ್ಕೆಯಲ್ಲಿ ಗಾಯದ ಗುರುತುಗಳು ಹಾಗೆಯೇ ಉಳಿದಿದ್ದವು. ಮಹಿಮೆಯ ದೇಹವೆಂದರೆ ಊನವಿಲ್ಲದ ದೇಹವೇ ಆಗಬೇಕೆಂಬ ನಮ್ಮ ಎಣಿಕೆಯನ್ನು ಈ ವಾದ ಪ್ರಶ್ನಿಸುತ್ತದೆ.

ಕಣ್ಣಿಗೆ ಕಾಣದ ನೋವಿನ ವಿಷಯದಲ್ಲಂತೂ ನಮ್ಮ ಮೌನ ಇನ್ನೂ ದಟ್ಟವಾಗಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು ಶೇ 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿದ್ದರು. ಇನ್ನೂರು ವಯಸ್ಕರ ಸಭೆಗೆ ಈ ಲೆಕ್ಕ ಹಾಕಿದರೆ ಇಪ್ಪತ್ತೊಂದು ಮಂದಿ. ಆದರೆ ನಮ್ಮ ಪ್ರಾರ್ಥನೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಹೃದಯ ಶಸ್ತ್ರಚಿಕಿತ್ಸೆ, ಮಂಡಿನೋವುಗಳಿರುತ್ತವೆಯೇ ಹೊರತು ಖಿನ್ನತೆ ಇರುವುದಿಲ್ಲ. ಕ್ಯಾಥೊಲಿಕ್ ಚರ್ಚಿನ 1917ರ ಕಾನೂನು ಸಂಹಿತೆ ಉದ್ದೇಶಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು; 1983ರ ಸಂಹಿತೆಯಲ್ಲಿ ಆ ನಿಷೇಧ ಉಳಿಯಲಿಲ್ಲ. ನಿಯಮ ಬದಲಾದರೂ ಅಂಥ ಮನೆಗಳಿಗೆ ಹೋಗಿ ಕೂರಲು ಹಿಂಜರಿಯುವ ನಮ್ಮ ಸ್ವಭಾವ ಪೂರ್ತಿ ಬದಲಾಗಿಲ್ಲ.

ಹೀಗೆ ಹೇಳುವಾಗ ಒಂದು ಎಚ್ಚರಿಕೆಯ ಮಾತೂ ಅಗತ್ಯ. ಬೌದ್ಧಿಕ ಅಂಗವೈಕಲ್ಯ ಉಳ್ಳವರೊಡನೆ ಒಂದೇ ಮನೆಯಲ್ಲಿ ಬಾಳುವ ‘ಲಾರ್ಶ್’ ಸಮುದಾಯವನ್ನು ಜೀನ್ ವಾನಿಯೆ 1964ರಲ್ಲಿ ಫ್ರಾನ್ಸ್‌ನಲ್ಲಿ ಆರಂಭಿಸಿದರು. ಭಾರತದಲ್ಲಿ ಅದರ ಮೊದಲ ಮನೆ, ಆಶಾ ನಿಕೇತನ, 1970ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. ವಾನಿಯೆ ಅವರನ್ನು ಜಗತ್ತು ಸಂತನಂತೆ ಕಂಡಿತು. 2019ರಲ್ಲಿ ಅವರು ತೀರಿಕೊಂಡ ಬಳಿಕ, ಲಾರ್ಶ್ ಸ್ವತಃ ನಡೆಸಿದ ತನಿಖೆಗಳ ವರದಿಗಳು 2020 ಮತ್ತು 2023ರಲ್ಲಿ ಹೊರಬಂದವು. ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಅವರು ಕನಿಷ್ಠ 25 ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರೆಂದು ಎರಡನೆಯ ವರದಿ ತಿಳಿಸಿತು. ಆ ಮಹಿಳೆಯರು ಅಂಗವಿಕಲರಾಗಿರಲಿಲ್ಲ. ಆದರೂ ಪಾಠ ಸ್ಪಷ್ಟ. ಆರೈಕೆ ಮಾಡುವವನನ್ನು ಯಾರೂ ಪ್ರಶ್ನಿಸಲಾಗದ ಎತ್ತರಕ್ಕೆ ಏರಿಸುವುದು ಅಪಾಯ. ಒಬ್ಬ ಮಹಾತ್ಮನನ್ನು ನೆಚ್ಚುವುದಕ್ಕಿಂತ ಸಾಮಾನ್ಯರಾದ ಹತ್ತು ಮಂದಿ ಹೊಣೆ ಹಂಚಿಕೊಂಡು, ಒಬ್ಬರಿಗೊಬ್ಬರು ಉತ್ತರ ಕೊಡುವಂತಿರುವುದು ಲೇಸು. ತಮ್ಮದೇ ಸ್ಥಾಪಕನ ಬಗ್ಗೆ ಸತ್ಯ ಹೇಳಿದ ಲಾರ್ಶ್‌ನ ಧೈರ್ಯವೂ ನೆನೆಯತಕ್ಕದ್ದೇ.

ಕಾನೂನು ನಮಗಿಂತ ಮುಂದೆ ಹೋಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. 1995ರ ಕಾಯ್ದೆ ಗುರುತಿಸಿದ್ದು ಏಳನ್ನು ಮಾತ್ರ. ಧಾರ್ಮಿಕ ಚಟುವಟಿಕೆಗೆ ಜನರು ಬಳಸುವ ಕಟ್ಟಡಗಳೂ ಈ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡಗಳೇ. ಆದರೂ ಎತ್ತರದ ಮೆಟ್ಟಿಲುಗಳೇ ಭಕ್ತಿಯ ಗಾಂಭೀರ್ಯವೆಂಬಂತೆ ನಾವು ಕಟ್ಟುತ್ತಲೇ ಇದ್ದೇವೆ.

‘ಆರಾಧನೆಯ ಗಂಭೀರತೆ ಏನಾಗಬೇಕು? ಉಳಿದ ಮುನ್ನೂರು ಮಂದಿಯ ಏಕಾಗ್ರತೆಗೆ ಬೆಲೆಯಿಲ್ಲವೇ?’ ಎಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ಒಂದು ಕಾಲಕ್ಕೆ ಅದು ನನ್ನದೇ ಆಕ್ಷೇಪವಾಗಿತ್ತು. ಆದರೆ ಹಸುಗೂಸು ಅತ್ತಾಗ ನಾವು ನಗುತ್ತೇವೆ, ವೃದ್ಧರು ಕೆಮ್ಮಿದರೆ ಸುಮ್ಮನಿರುತ್ತೇವೆ. ಆ ಸದ್ದುಗಳು ನಮ್ಮ ಮನೆಯವೆಂದು ಒಪ್ಪಿಕೊಂಡಿದ್ದೇವೆ. ಈ ಹುಡುಗನ ಸದ್ದನ್ನು ಹಾಗೆ ಒಪ್ಪಿಕೊಂಡಿರಲಿಲ್ಲ, ಅಷ್ಟೆ. ಸಣ್ಣ ಸಭೆಗಳಿಗೆ ಹಣವಿಲ್ಲವೆಂಬ ಮಾತೂ ನಿಜ. ಆದರೆ ಗಾಲಿಕುರ್ಚಿಗೆ ಜಾಗವಾಗುವಂತೆ ಒಂದು ಬೆಂಚನ್ನು ಗಿಡ್ಡ ಮಾಡಲು, ಸ್ತೋತ್ರಗೀತೆಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲು ಹೆಚ್ಚು ಹಣ ಬೇಡ. ಹಗಲಿರುಳು ಮಗುವನ್ನು ನೋಡಿಕೊಳ್ಳುವ ತಾಯಿಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಡಲು ಹಣವೇ ಬೇಡ. ಇಬ್ಬರು ಸರದಿಯ ಮೇಲೆ ಆ ಮನೆಗೆ ಹೋದರೆ ಸಾಕು. ಇನ್ನು, ಪಾಠ ಓದಲು, ಕಾಣಿಕೆ ತಟ್ಟೆ ಹಿಡಿಯಲು, ಸಮಿತಿಯಲ್ಲಿ ಕೂರಲು ಅಂಗವಿಕಲರನ್ನು ಕರೆದಾಗ ಅವರು ನಮ್ಮ ಕರುಣೆಯ ವಸ್ತುಗಳಾಗಿ ಉಳಿಯದೆ ಸಭೆಯ ಸದಸ್ಯರಾಗುತ್ತಾರೆ.

ನಾಲ್ಕು ತಿಂಗಳ ಬಳಿಕ ನಾನೂ ನನ್ನ ಹೆಂಡತಿಯೂ ಆ ತಾಯಿಯ ಮನೆಗೆ ಹೋದೆವು. ಕ್ಷಮೆ ಕೇಳಿದೆ. ಆಕೆ ಕಾಫಿ ಕೊಟ್ಟು, ‘ಕೋಣೆ ಚೆನ್ನಾಗಿಯೇ ಇತ್ತು ಅಂಕಲ್. ಆದ್ರೆ ಅಲ್ಲಿಗೆ ಯಾರೂ ಬರ್ತಿರಲಿಲ್ಲ’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಅವರು ತಿಂಗಳಿಗೆರಡು ಸಲ ಬರುತ್ತಾರೆ. ಹುಡುಗ ಎತ್ತರಕ್ಕೆ ಬೆಳೆದಿದ್ದಾನೆ, ಕೂಗುವುದನ್ನು ನಿಲ್ಲಿಸಿಲ್ಲ. ಅವನು ಕೂಗಿದಾಗ ಸಭಾಪಾಲಕರು ಅವನ ಹೆಸರು ಹಿಡಿದು ಒಂದು ಮಾತಾಡಿ ಪ್ರಸಂಗ ಮುಂದುವರಿಸುತ್ತಾರೆ. ಕೆಲವರು ಈಗಲೂ ಹಿಂದಿರುಗಿ ನೋಡುತ್ತಾರೆ. ಅವನ ಪಕ್ಕದಲ್ಲಿ ಸರದಿಯ ಮೇಲೆ ಕೂರುವವರು ನಮ್ಮಲ್ಲಿ ಆರು ಮಂದಿ ಇದ್ದೇವೆ. ಈ ಪಟ್ಟಿ ಇನ್ನೂ ಉದ್ದವಾಗಬೇಕು.