ಐದನೇ ಸೆಮಿಸ್ಟರ್‌ನಲ್ಲಿ ಹೀರೋ ಎಂಟ್ರಿ

ನಮ್ಮ ಸಿನಿಮಾ ಕಾಲೇಜುಗಳ ಒಂದು ವಿಶೇಷ ಗಮನಿಸಿದ್ದೀರಾ ಮಿತ್ರರೇ? ಅಲ್ಲಿ ಕ್ಯಾಲೆಂಡರೇ ಇರೋದಿಲ್ಲ! 1972ರ ‘ನಾಗರಹಾವು’ ಚಿತ್ರದ ರಾಮಾಚಾರಿ ಎಷ್ಟನೇ ವರ್ಷದಲ್ಲಿ ಓದುತ್ತಿದ್ದ, ಹೇಳಿ ನೋಡೋಣ? ಪ್ರಿನ್ಸಿಪಾಲರ ಮೇಲೆ ಅವನಿಗಿದ್ದ ಸಿಟ್ಟು ಎಲ್ಲರಿಗೂ ನೆನಪಿದೆ. ಅವನ ಮಾರ್ಕ್ಸ್ ಕಾರ್ಡ್ ಯಾರಿಗೂ ನೆನಪಿಲ್ಲ. 1987ರ ‘ಪ್ರೇಮಲೋಕ’ದಲ್ಲಂತೂ ಕಾಲೇಜು ಅಂದರೆ ಬೈಕು, ಹಾಡು ಮತ್ತು ಜೂಹಿ ಚಾವ್ಲಾ. ಪಾಠ ಮಾಡುವ ಮೇಷ್ಟ್ರು ಪಾಪ, ಲೆಕ್ಕಕ್ಕೇ ಇಲ್ಲ. ಮೊದಲ ವರ್ಷದ ಹುಡುಗ ಕೊನೆಯ ವರ್ಷದವನಾಗುವಷ್ಟರಲ್ಲಿ ಒಳಗೆ ಎಷ್ಟು ಬದಲಾಗುತ್ತಾನೆ ಅನ್ನೋದನ್ನು ನಾನು ತೆರೆಯ ಮೇಲೆ ಸರಿಯಾಗಿ ಕಂಡದ್ದು 2016ರ ಡಿಸೆಂಬರಿನಲ್ಲಿ ಬಂದ ‘ಕಿರಿಕ್ ಪಾರ್ಟಿ’ಯಲ್ಲಿ. ಆಗ ನನಗೂ ಅದೇ ವಯಸ್ಸು. ಮೂರು ಸಲ ನೋಡಿದೆ.

ಈಗ ನಮ್ಮ ಕರಾವಳಿಯಲ್ಲಿ ಮತ್ತೆ ಅದೇ ಸೀಸನ್. ಹೊಸ ಸೆಮಿಸ್ಟರ್, ಒದ್ದೆ ಕೊಡೆ, ಹೊಸ ನೋಟ್‌ಬುಕ್ಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಗುರಿಗಳು’ ಅಂತ ಒಂದು ಪಟ್ಟಿ. ಎರಡನೇ ಪುಟ ತೆಗೆಯುವಷ್ಟರಲ್ಲಿ ಅದು ಮರೆತೇ ಹೋಗಿರುತ್ತದೆ, ಆ ಮಾತು ಬೇರೆ!

ಕಳೆದ ವಾರ ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಮೂವರು ಹುಡುಗರು ಸಿಕ್ಕರು. ಕೈಯಲ್ಲಿ ನಮ್ಮ ಪತ್ರಿಕೆ ಇತ್ತು, ಮಾತಿಗೆ ಅಷ್ಟು ಸಾಕಾಯ್ತು. ಒಬ್ಬ ಮಣಿಪಾಲದ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುವವನು. ಅವನ ಗುರಿ ಒಂದೇ: ಸಿ.ಜಿ.ಪಿ.ಎ. 9. ಅವನ ಬಗ್ಗೆ ನನಗೆ ಚಿಂತೆಯಿಲ್ಲ, ನೀವೂ ಮಾಡಬೇಡಿ. ಎರಡನೆಯವನು ಕಾರ್ಕಳದಿಂದ ದಿನಾ ಬಂದು ಹೋಗುವವನು. ಎರಡು ಬ್ಯಾಕ್ ತೆಗೆಯಬೇಕು, ಜಿಮ್‌ಗೆ ಸೇರಬೇಕು ಅಂದ. ಮೂರನೆಯವನು ಕಾಪುವಿನವನು, ಬಿ.ಕಾಂ. ಐದನೇ ಸೆಮಿಸ್ಟರ್. ಅವನ ಪುಟದಲ್ಲಿ ಇದ್ದದ್ದು ಒಂದೇ ಪದ: ಹೀರೋ.

ನಕ್ಕೆ. ಅವನು ನಗಲಿಲ್ಲ.

ಬೆಂಗಳೂರಿನಲ್ಲಿ ಯಾರೋ ಆಕ್ಟಿಂಗ್ ಕ್ಲಾಸ್ ನಡೆಸುತ್ತಾರಂತೆ. ಮೂರು ತಿಂಗಳು ಕಲಿಸಿ ‘ಗ್ಯಾರಂಟಿ ಪಾತ್ರ’ ಕೊಡಿಸುತ್ತಾರಂತೆ. ಮೊದಲ ಕಂತು 20,000 ರೂಪಾಯಿ, ಶನಿವಾರದೊಳಗೆ ಕಟ್ಟಬೇಕು. ಕಾಲೇಜಿನ ಫೀಸಿಗೆಂದು ಅಮ್ಮ ಕೊಟ್ಟ ಹಣ ಬ್ಯಾಗಿನಲ್ಲೇ ಇತ್ತು. ಬೀಡಿ ಕಟ್ಟಿ ಉಳಿಸಿದ ಹಣ ಅದು. “ಅಣ್ಣಾ, ಆ ದುಡ್ಡನ್ನೇ ಇಲ್ಲಿಗೆ ಕಟ್ಟಿದ್ರೆ ಹೇಗೆ? ರಕ್ಷಿತ್ ಶೆಟ್ರು, ರಿಷಬ್ ಶೆಟ್ರು ನಮ್ಮ ಊರಿನ ಕಡೆಯವರೇ ಅಲ್ವಾ?” ಅಂದ.

ಹೌದು ಮಾರಾಯ, ನಮ್ಮ ಕಡೆಯವರೇ. ಆದರೆ ಅವರ ಕಥೆಯನ್ನು ಇಂಟರ್‌ವಲ್ ಆದ ಮೇಲೆ ಮಾತ್ರ ನೋಡಿದರೆ ಹೇಗೆ? ರಕ್ಷಿತ್ ಶೆಟ್ಟಿ ಓದಿದ್ದು ಕಾರ್ಕಳ ತಾಲೂಕಿನ ನಿಟ್ಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಓದು ಮುಗಿಸಿ ಎರಡು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಆಮೇಲೆ ಸಿನಿಮಾ. 2010ರ ‘ನಮ್ ಏರಿಯಾಲ್ ಒಂದಿನ’ ಬಂದದ್ದೂ ಹೋದದ್ದೂ ಹೆಚ್ಚು ಜನಕ್ಕೆ ಗೊತ್ತಿಲ್ಲ. 2012ರ ‘ತುಗ್ಲಕ್’ ಓಡಲಿಲ್ಲ. 2013ರ ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ಯಲ್ಲಿ ಜನ ತಿರುಗಿ ನೋಡಿದರು. 2014ರಲ್ಲಿ ಮಲ್ಪೆಯ ಕಥೆ ಹಿಡಿದು ‘ಉಳಿದವರು ಕಂಡಂತೆ’ ಮಾಡಿದರು. ‘ಕಿರಿಕ್ ಪಾರ್ಟಿ’ಗೆ ಬೇಕಾದ ಸರಕು ಎಲ್ಲಿಂದ ಬಂತು ಅಂತೀರಿ? ಅದೇ ಇಂಜಿನಿಯರಿಂಗ್ ದಿನಗಳಿಂದ! ಹಾಸ್ಟೆಲು, ಗಲಾಟೆ, ಕೊನೆಯ ಬೆಂಚು. ಕಾಲೇಜು ಬಿಟ್ಟು ಓಡಿಹೋಗಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಕುಂದಾಪುರ ಕಡೆಯ ಕೆರಾಡಿಯ ರಿಷಬ್ ಶೆಟ್ಟಿ ‘ಸೈನೈಡ್’ ಸೆಟ್ಟಿನಲ್ಲಿ ಕ್ಲ್ಯಾಪ್ ಬಾಯ್. ಹೊಟ್ಟೆಪಾಡಿಗೆ ನೀರಿನ ಕ್ಯಾನ್ ಮಾರಿದ್ದೂ ಉಂಟು, ಹೋಟೆಲ್ ನಡೆಸಿದ್ದೂ ಉಂಟು. 2022ರಲ್ಲಿ ‘ಕಾಂತಾರ’ ಬಂತು, ಅದಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂತು. ಇಬ್ಬರಲ್ಲಿ ಯಾರೂ ‘ಗ್ಯಾರಂಟಿ ಪಾತ್ರ’ಕ್ಕೆ ಕಂತು ಕಟ್ಟಿ ಮೇಲೆ ಬಂದವರಲ್ಲ.

ಹುಡುಗ ಬುದ್ಧಿವಂತ, ಥಟ್ಟನೆ ತಿರುಗಿಸಿ ಹೊಡೆದ. “ನೀವು ಪಿ.ಯು.ಸಿ. ಬಿಟ್ಟವರಲ್ವಾ ಅಣ್ಣಾ? ನೀವೇ ಬರೆದಿದ್ರಿ ಒಂದ್ಸಲ.”

ಹೌದಪ್ಪಾ, ಬಿಟ್ಟವನೇ. ಮನೆಯಲ್ಲಿ ದುಡಿಯುವ ಕೈ ಬೇಕಿತ್ತು, ಬಿಟ್ಟೆ. ಪತ್ರಿಕೆಯ ಆಫೀಸಿಗೆ ಹೋದಾಗ ಯಾರೂ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ, ಅದೂ ನಿಜ. ಆದರೆ ಕೇಳಿದ ಪ್ರಶ್ನೆ ಒಂದಿತ್ತು: “ಬರೆದದ್ದು ಎಲ್ಲಿದೆ, ತೋರಿಸು.” ನನ್ನ ಚೀಲದಲ್ಲಿ ಕಾಗದದ ಕಟ್ಟು ಇತ್ತು. ನಿನ್ನ ಚೀಲದಲ್ಲಿ ಏನುಂಟು? ಅಮ್ಮನ 20,000 ರೂಪಾಯಿ ಮತ್ತು ಅರ್ಧ ನಿಮಿಷದ ನಾಲ್ಕು ರೀಲ್ಸ್! ಮತ್ತೊಂದು ಮಾತು: ಪಾತ್ರ ಕೊಡುವವರು ಸಂಭಾವನೆ ಕೊಡುತ್ತಾರೆ, ಹೊಸಬನಿಗಾದರೆ ಊಟವನ್ನಾದರೂ ಹಾಕುತ್ತಾರೆ. ಪಾತ್ರಕ್ಕಾಗಿ ನಿನ್ನ ಹತ್ತಿರವೇ ದುಡ್ಡು ಕೇಳುವವನ ವ್ಯಾಪಾರ ಬೇರೆ.

ಆಗ ನನಗೆ ನೆನಪಾದದ್ದು ಪಿಗ್ಮಿ. ಉಡುಪಿಯ ಹುಡುಗರಿಗೆ ಪಿಗ್ಮಿ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ, ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ತೆರೆದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1928ರಲ್ಲಿ ಈ ಬ್ಯಾಂಕಿನವರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಎತ್ತತೊಡಗಿದರು. ಎರಡಾಣೆಯಲ್ಲಿ ಏನಾಗುತ್ತೆ ಅಂತ ಅಂದೂ ಕೇಳಿದವರಿದ್ದರು ಬಿಡಿ. ಅದೇ ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದರು.

ಹಾಗಾಗಿ ಕಾಪುವಿನ ಹುಡುಗನಿಗೆ ಲೆಕ್ಕ ಹಾಕಿಕೊಟ್ಟೆ. ಸೆಮಿಸ್ಟರ್ ಅಂದರೆ ಹೆಚ್ಚೂ ಕಡಿಮೆ 16 ವಾರ. ಭಾನುವಾರ ರಜೆ. ದಿನಕ್ಕೊಂದು ಪುಟ ಚಿತ್ರಕಥೆ ಬರೆದರೆ 96 ಪುಟ. ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಅನ್ನೋದು ಚಿತ್ರಕಥೆಯವರ ಅಂದಾಜು. ಅಲ್ಲಿಗೆ ಒಂದೂವರೆ ಗಂಟೆಯ ಸಿನಿಮಾ! “ನಾನು ಹೀರೋ ಆಗ್ಬೇಕು ಅಂದ್ರೆ ರೈಟರ್ ಆಗು ಅಂತೀರಲ್ಲ” ಅಂತ ಮುಖ ಸಣ್ಣ ಮಾಡಿದ. ಅಯ್ಯಾ, ಕಾಪು ಬೀಚಿನ ಹುಡುಗನಿಗೆ ಒಪ್ಪುವ ಪಾತ್ರವನ್ನು ಗಾಂಧಿನಗರದಲ್ಲಿ ಕೂತವರು ಯಾಕೆ ಬರೀತಾರೆ? 1901ರಿಂದ ಬೆಳಕು ಬೀರುತ್ತಾ ನಿಂತಿರುವ ಆ ಲೈಟ್‌ಹೌಸ್ ಅವರಿಗೆ ಒಂದು ಹಾಡಿನ ಲೊಕೇಶನ್ ಅಷ್ಟೇ. ನಿನಗೆ ಅದು ಬೆಳಿಗ್ಗೆ ಎದ್ದರೆ ಕಾಣುವ ಊರು. ನಿಮ್ಮ ಮನೆಯ ಅಂಗಳ, ಅಮ್ಮನ ಬೀಡಿಯ ಗೆರಸೆ, ಆಳಸಮುದ್ರಕ್ಕೆ ಹೋದ ಬೋಟು ತಡವಾದರೆ ದಡದಲ್ಲಿ ಕಾಯುವವರ ಮುಖ, ಇದನ್ನೆಲ್ಲ ನೀನು ಬರೆಯದೆ ಬೇರೆ ಯಾರು ಬರೀತಾರೆ?

ನಟನೆ ಕಲಿಯಬೇಕಾ? ಅದಕ್ಕೂ ಬೆಂಗಳೂರೇ ಆಗಬೇಕೆಂದಿಲ್ಲ. ‘ರಂಗಭೂಮಿ ಉಡುಪಿ’ಯವರು ವರ್ಷ ವರ್ಷವೂ ರಾಜ್ಯ ಮಟ್ಟದ ಕನ್ನಡ ನಾಟಕ ಸ್ಪರ್ಧೆ ನಡೆಸುತ್ತಾರೆ. ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಒಂದರ ಹಿಂದೆ ಒಂದು ತಂಡ ಬರುತ್ತದೆ. ಹೋಗಿ ಕೂತು ನೋಡು. ನಾಟಕ ಮುಗಿದ ಮೇಲೆ ಸ್ಟೇಜ್ ಎತ್ತುವವರ ಜೊತೆ ಕೈಗೂಡಿಸು. ನಾನು ಕಂಡ ಅರ್ಧ ನಟರು ಒಳಗೆ ನುಗ್ಗಿದ್ದು ಆ ಬಾಗಿಲಿನಿಂದಲೇ.

ಫೀಸು ಎಲ್ಲಿ ಕಟ್ಟುತ್ತೇನೆ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ, ದುಡ್ಡು ಅವನಮ್ಮನದು. ಶನಿವಾರಕ್ಕೆ ಇನ್ನೂ ಮೂರು ದಿನ ಇತ್ತು. ಕಾಪುವಿನ ಬಸ್ಸು ಬಂತು, ಫುಟ್‌ಬೋರ್ಡಿನಲ್ಲಿ ಒಂದು ಕಾಲಿಟ್ಟು ಕೇಳಿದ: “96 ಪುಟ ಬರೆದ್ರೆ ನೀವು ಓದ್ತೀರಾ ಅಣ್ಣಾ?” ಓದುತ್ತೇನೆ ಅಂದೆ. ಪತ್ರಿಕೆಯ ವಿಳಾಸ ಅವನಿಗೆ ಗೊತ್ತುಂಟು.

ಕಾರ್ಕಳದವನು ಇನ್ನೂ ಅಲ್ಲೇ ನಿಂತಿದ್ದ. “ನನ್ನ ಎರಡು ಬ್ಯಾಕಿಗೆ ಎಂತ ಐಡಿಯಾ ಅಣ್ಣಾ?” ಅಂದ. ಅದಕ್ಕೇನು ಮಹಾ! ಅವನ ಬಸ್ಸಿನಲ್ಲಿ ಮಣಿಪಾಲ, ಪರ್ಕಳ ದಾಟುವವರೆಗೆ ಒಂಟಿ ಕಾಲಲ್ಲಿ ನಿಲ್ಲಬೇಕು. ಹಿರಿಯಡ್ಕದಲ್ಲಿ ಜನ ಇಳಿದರೆ ಸೀಟು ಸಿಗುತ್ತದೆ. ಅಲ್ಲಿಂದ ಬೈಲೂರಿನವರೆಗೆ ಪುಸ್ತಕ ತೆಗೆ, ಬೈಲೂರು ದಾಟಿದ ಮೇಲೆ ಬೇಕಾದರೆ ಮೊಬೈಲ್ ತೆಗೆ ಅಂದೆ.