ಪ್ರೊಸೆಸರ್ ತಲೆಯ ಮೇಲೊಂದು ಗೋಪುರ

ಏರ್ ಕೂಲರ್ ಎಂದೊಡನೆ ನಮ್ಮ ವಯಸ್ಸಿನವರಿಗೆ ಲಾವಂಚದ ತಡಿಕೆ, ನೀರಿನ ಪೆಟ್ಟಿಗೆ ನೆನಪಾಗುತ್ತದೆ. ಕಂಪ್ಯೂಟರಿನೊಳಗಿನ ಕೂಲರಿಗೆ ನೀರು ಸುರಿದೀರಿ, ಜೋಕೆ! ಅದು ತೆಳು ತಗಡುಗಳ ಗೋಪುರ, ಪಕ್ಕಕ್ಕೆ ಫ್ಯಾನು. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15ಕ್ಕೆ ಎರಡು ಗೋಪುರ, ಎರಡು ಫ್ಯಾನು. ಎತ್ತರ 165 ಮಿಲಿಮೀಟರ್, ತೂಕ 1320 ಗ್ರಾಂ. ಅದರಡಿ ಕೂರುವ ಪ್ರೊಸೆಸರ್ ಮಾತ್ರ ಬಿಸ್ಕತ್ತಿಗಿಂತ ಚಿಕ್ಕದು.

ತಮಾಷೆಯೆಂದರೆ ಇದರೊಳಗೂ ಚೂರು ನೀರಿರುತ್ತದೆ. ತಾಮ್ರದ ಕೊಳವೆಗಳಿಂದ ಗಾಳಿ ತೆಗೆದು, ತುಸು ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ನೀರು 100 ಡಿಗ್ರಿಗೆ ಕಾಯದೆ ಆವಿಯಾಗಿ ತಗಡುಗಳತ್ತ ಓಡುತ್ತದೆ. ಅಲ್ಲಿ ತಣಿದು ಮತ್ತೆ ನೀರಾಗುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆಗುವಂತೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಕೊಳವೆಯ ಒಳಗೋಡೆ ಆ ನೀರನ್ನು ಹೀರಿ ಹಿಂದಕ್ಕೆ ತರುತ್ತದೆ.

ಮೊಮ್ಮಗಳು ಎರಡು ವರ್ಷ ಕೂಡಿಟ್ಟ ಹಣವೆಲ್ಲ ಆ ಮದರ್‌ಬೋರ್ಡಿನ ಮೇಲಿತ್ತು. ಕೈ ಅವಳದು, ಟಾರ್ಚ್ ನನ್ನದು. ಕೊಳ್ಳುವ ಮೊದಲೇ ಕ್ಯಾಬಿನೆಟ್ಟಿನ ಒಳ ಅಗಲ, ರ‍್ಯಾಮ್‌ನ ಎತ್ತರ ಎರಡನ್ನೂ ಎರಡೆರಡು ಸಲ ಅಳೆದಿದ್ದೆವು. ಮುಂದಿನ ಫ್ಯಾನು ರ‍್ಯಾಮ್ ಮೇಲೇ ಬರುತ್ತದೆ. ಅಡಿಯಲ್ಲಿ 32 ಮಿಲಿಮೀಟರ್ ಮಾತ್ರ ಜಾಗ.

ಎದೆ ಹೊಡೆದುಕೊಂಡದ್ದು ಹಳೆಯ ಕೂಲರ್ ತೆಗೆಯುವಾಗ. ಅವಳದು ಎಎಂ4 ಬಗೆಯ ಪ್ರೊಸೆಸರ್, ತಳದಲ್ಲಿ ಕೂದಲೆಳೆಯಂಥ 1331 ಪಿನ್ನುಗಳು. ಒಣಗಿದ ಪೇಸ್ಟು ಅಂಟಿನಂತೆ ಹಿಡಿದಿರುತ್ತದೆ. ಜಗ್ಗಿದರೆ ಪ್ರೊಸೆಸರೂ ಕಿತ್ತು ಬಂದು ಪಿನ್ನು ಬಾಗಬಹುದು. ಅದಕ್ಕೇ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ದುಡಿಸಿ ಬಿಸಿ ಮಾಡಿದಳು. ಆಮೇಲೆ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿದಳು. ಚಕ್ಕನೆ ಸಡಿಲಾಯಿತು. ನಾನು ಉಸಿರು ಬಿಟ್ಟಿದ್ದು ಆಗಲೇ.

ಹಳೆ ಪೇಸ್ಟು ಒರೆಸಿ, ಬಟಾಣಿಯಷ್ಟು ಹೊಸ ಪೇಸ್ಟು ಇಟ್ಟಾಯಿತು. ಲೋಹದ ಎರಡು ಮೈಗಳ ನಡುವಿನ ಕಣ್ಣಿಗೆ ಕಾಣದ ಸಂದು ತುಂಬಲು ಅಷ್ಟು ಸಾಕು. ದೋಸೆಗೆ ಚಟ್ನಿ ಬಳಿದಂತೆ ಬಳಿಯಬೇಕಿಲ್ಲ. ಗೋಪುರ ಕೂರಿಸುವಾಗ ನಡುವಿನ ಫ್ಯಾನು ತೆಗೆದಿಡಬೇಕು, ಇಲ್ಲವಾದರೆ ಸ್ಕ್ರೂಗಳಿಗೆ ಕೈ ಎಟಕದು. ಇರುವುದು ಎರಡೇ ಸ್ಕ್ರೂ. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು. ಒಂದೇ ಕಡೆ ಬಿಗಿದರೆ ಗೋಪುರ ವಾಲುತ್ತದೆ. ಕೊನೆಗೆ ಫ್ಯಾನುಗಳು, ಗಾಳಿ ಹಿಂಬದಿಗೆ ಹೋಗುವ ಹಾಗೆ.

ಮೊದಲು 90 ಡಿಗ್ರಿ ದಾಟುತ್ತಿದ್ದ ಕಾವು ಈಗ 70ರ ಆಸುಪಾಸು. ರಾತ್ರಿಯ ಕೊಂಯ್‌ಗುಡುವ ಸದ್ದೂ ನಿಂತಿದೆ. ಆದರೆ ಬೇಸಿಗೆಯಲ್ಲಿ ಕೋಣೆಯೇ ಕಾದರೆ ಇದೂ ಕಾಯುತ್ತದೆ, ಕೋಣೆಯ ಗಾಳಿಗಿಂತ ತಂಪು ಮಾಡುವ ಶಕ್ತಿ ಇದಕ್ಕಿಲ್ಲ.

ಜೂನ್‌ನಲ್ಲಿ ಅವಳು ಹಾಸ್ಟೆಲಿಗೆ ಹೊರಡುತ್ತಾಳೆ, ಕಂಪ್ಯೂಟರೂ ಬಸ್ಸಿನಲ್ಲೇ. ನಿಂತ ಪೆಟ್ಟಿಗೆಯೊಳಗೆ ಇಷ್ಟು ಭಾರ ಮದರ್‌ಬೋರ್ಡಿಗೆ ಅಡ್ಡಡ್ಡ ಜೋತಿರುತ್ತದೆ. ನಮ್ಮ ರಸ್ತೆಯ ಹಳ್ಳಗಳು ನಿಮಗೆ ಗೊತ್ತೇ ಇವೆ. ಗೋಪುರವನ್ನು ಬಿಚ್ಚಿ ಬೇರೆ ಕಟ್ಟಬೇಕು, ಅಲ್ಲಿ ಮತ್ತೆ ಕೂರಿಸಬೇಕು. ಪೇಸ್ಟಿನ ಟ್ಯೂಬು ಎಸೆಯದೆ ಅವಳ ಚೀಲದಲ್ಲಿ ಹಾಕಿಟ್ಟಿದ್ದೇನೆ.